ಜಕ್ಕೂರಿನ ವಿಮಾನ ಆರ್ಕ್‌ಟಿಕ್ ಸಮುದ್ರದ ಮೇಲೆ ಯಾಕೆ ಹೋಯ್ತು

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ, ಪೈಲಟ್ ಆಗೋಕೆ ಟ್ರೈನಿಂಗ್ ತಗೊಳ್ತಾ ಇದಾನೆ. ಊಟದ ಟೇಬಲ್ ಮೇಲೆ ನನ್ನ ಲ್ಯಾಪ್‌ಟಾಪ್, ಒಂದು ಜಾಯ್‌ಸ್ಟಿಕ್, ಪಕ್ಕದಲ್ಲಿ ಅವನ ಟ್ಯಾಬ್ಲೆಟ್. ಲ್ಯಾಪ್‌ಟಾಪ್‌ನ ಸಿಮ್ಯುಲೇಟರ್‌ನಲ್ಲಿ, ಅಂದ್ರೆ ಕೂತಲ್ಲೇ ವಿಮಾನ ಹಾರಿಸೋ ಪ್ರೋಗ್ರಾಂನಲ್ಲಿ, ವಿಮಾನ ಬೆಂಗಳೂರಿನ ಜಕ್ಕೂರು ರನ್‌ವೇ ಮೇಲೆ ನಿಂತಿದೆ, ಟ್ಯಾಬ್ಲೆಟ್‌ನಲ್ಲಿ ನಿಜವಾದ ಪೈಲಟ್‌ಗಳು ಕಾಕ್‌ಪಿಟ್‌ನಲ್ಲಿ ತೊಡೆ ಮೇಲಿಟ್ಕೊಂಡು ನೋಡೋ ನ್ಯಾವಿಗೇಶನ್ ಆ್ಯಪ್ ಓಪನ್ ಆಗಿದೆ. ಸಿಮ್ಯುಲೇಟರ್‌ನ ವಿಮಾನ ಆ್ಯಪ್‌ನ ನಕ್ಷೆ ಮೇಲೂ ಕಾಣೋ ಹಾಗೆ ಎರಡನ್ನೂ ಸೇರ್ಸೋಕೆ ಅಂತ ನಾನೊಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಅದನ್ನ ರನ್ ಮಾಡಿದ ತಕ್ಷಣ ಟ್ಯಾಬ್ಲೆಟ್‌ನ ನಕ್ಷೆ ಸರ್ರಂತ ಜರುಗಿ ಪೂರ್ತಿ ನೀಲಿ ಆಗೋಯ್ತು. ಝೂಮ್ ಔಟ್ ಮಾಡಿ ನೋಡಿದ್ರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕ, ಹಿಮ ತೇಲೋ ಸಮುದ್ರದ ಮೇಲೆ ನಮ್ಮ ವಿಮಾನ!

ಕಾರಣ ತುಂಬಾ ಸಿಂಪಲ್. ಜಕ್ಕೂರು ಇರೋದು ಸುಮಾರು 13.08 ಡಿಗ್ರಿ ಉತ್ತರ ಅಕ್ಷಾಂಶ, 77.60 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಾವೆಲ್ಲ ಶಾಲೆಯಲ್ಲಿ ಕಲಿತಿದ್ದು ಮೊದಲು ಅಕ್ಷಾಂಶ ಆಮೇಲೆ ರೇಖಾಂಶ ಅಂತ, ಆದ್ರೆ ಈ ಆ್ಯಪ್‌ಗೆ ಕಳಿಸೋ ಸಂದೇಶದಲ್ಲಿ ಮೊದಲು ರೇಖಾಂಶ ಬರ್ಬೇಕು. ನಾನು ಅಭ್ಯಾಸಬಲದಿಂದ ಉಲ್ಟಾ ಬರೆದಿದ್ದೆ, ಹಂಗಾಗಿ 13 ಪೂರ್ವ, 77 ಉತ್ತರ ಆಯ್ತು, ಆ ಜಾಗ ಇರೋದು ಆರ್ಕ್‌ಟಿಕ್‌ನಲ್ಲಿ. ಆ್ಯಪ್ ಒಂದು ಕ್ಷಣನೂ ಅನುಮಾನ ಪಡಲಿಲ್ಲ ನೋಡಿ. ಈಗಷ್ಟೇ ಬೆಂಗಳೂರಲ್ಲಿ ಇದ್ದೋನು ಮುಂದಿನ ಸೆಕೆಂಡಿಗೆ ಸ್ವಾಲ್ಬಾರ್ಡ್‌ಗೆ ಹೆಂಗೆ ಹೋದ ಅಂತ ಕೇಳಲೇ ಇಲ್ಲ. ಈ ಲೇಖನದಲ್ಲಿ ನಾನು ಹೇಳ್ಬೇಕು ಅಂತಿರೋದೆಲ್ಲ ಅಲ್ಲಿಂದಾನೇ ಶುರುವಾಗಿದ್ದು.

ಮೊದಲು ಈ ಸಂದೇಶ ಅಂದ್ರೆ ಏನು ಅಂತ ನೋಡೋಣ. ಸಿಮ್ಯುಲೇಟರ್ ಪ್ರತಿ ಸೆಕೆಂಡಿಗೆ ಒಂದು ಸಾಲು ಕಳಿಸತ್ತೆ, ಒಂದೇ ಒಂದು ಸಾಲು. ಶುರುವಲ್ಲಿ ಎಕ್ಸ್‌ಜಿಪಿಎಸ್ ಅಂತ ನಾಲ್ಕು ಅಕ್ಷರದ ಗುರುತು, ಅದಕ್ಕೆ ಅಂಟಿಕೊಂಡೇ ಸಿಮ್ಯುಲೇಟರ್ ಹೆಸರು, ಆಮೇಲೆ ಕಾಮಾ ಹಾಕ್ಕೊಂಡು ಐದು ನಂಬರ್: 77.597, 13.077, 1676.4, 270.0, 51.4. ರೇಖಾಂಶ, ಅಕ್ಷಾಂಶ, ಸಮುದ್ರ ಮಟ್ಟದಿಂದ ಎತ್ತರ, ಹೋಗ್ತಿರೋ ದಿಕ್ಕು, ನೆಲದ ಮೇಲಿನ ವೇಗ. ಇಲ್ಲೂ ಒಂದು ಹುಷಾರಿರ್ಬೇಕು, ಪೈಲಟ್‌ಗಳು ಮಾತಾಡೋದು ಅಡಿ ಮತ್ತು ನಾಟ್ ಲೆಕ್ಕದಲ್ಲಿ, ಸಂದೇಶದಲ್ಲಿ ಇರ್ಬೇಕಾದ್ದು ಮೀಟರ್ ಮತ್ತು ಸೆಕೆಂಡಿಗೆ ಇಷ್ಟು ಮೀಟರ್ ಅನ್ನೋ ಲೆಕ್ಕ. 1676.4 ಮೀಟರ್ ಅಂದ್ರೆ 5500 ಅಡಿ, 51.4 ಅಂದ್ರೆ 100 ನಾಟ್. ಅಡಿಯನ್ನೇ ಹಂಗೇ ಕಳಿಸಿಬಿಟ್ರೆ 5500 ಅಡಿ ಮೇಲಿರೋ ಸಣ್ಣ ಸೆಸ್ನಾ ವಿಮಾನ 18,000 ಅಡಿ ಮೇಲಿದೆ ಅಂತ ತೋರ್ಸತ್ತೆ, ಆ್ಯಪ್ ಅದನ್ನೂ ನಂಬತ್ತೆ.

ಇದನ್ನ ಕಳಿಸೋ ರೀತಿ ಇನ್ನೂ ಚೆನ್ನಾಗಿದೆ. ನೆಟ್‌ವರ್ಕ್‌ನಲ್ಲಿ ಡೇಟಾ ಕಳಿಸೋಕೆ ಮುಖ್ಯವಾಗಿ ಎರಡು ದಾರಿ. ಟಿಸಿಪಿ ಅನ್ನೋದು ರಿಜಿಸ್ಟರ್ಡ್ ಪೋಸ್ಟ್ ಥರ, ತಲುಪ್ತಾ ಇಲ್ವಾ ಅಂತ ಸಹಿ ಹಾಕ್ಸಿಕೊಂಡು ಬರತ್ತೆ, ತಲುಪದಿದ್ರೆ ಮತ್ತೆ ಕಳಿಸತ್ತೆ. ಯುಡಿಪಿ ಅನ್ನೋದು ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ "ಮಂಡ್ಯ ಮೈಸೂರ್, ಮಂಡ್ಯ ಮೈಸೂರ್" ಅಂತ ಕೂಗ್ತಾರಲ್ಲ ಹಂಗೆ. ಬೇಕಾದೋರು ಕೇಳಿಸ್ಕೋತಾರೆ, ಕೇಳಿಸದಿದ್ರೆ ಮುಂದಿನ ಕೂಗಿಗೆ ಕೇಳಿಸತ್ತೆ. ಸಿಮ್ಯುಲೇಟರ್ ಬಳಸೋದು ಈ ಕೂಗೋ ದಾರಿನೇ, ಯಾಕಂದ್ರೆ ಮೂರು ಸೆಕೆಂಡ್ ಹಿಂದೆ ವಿಮಾನ ಎಲ್ಲಿತ್ತು ಅನ್ನೋ ಸಾಲು ಕಳೆದುಹೋದ್ರೆ ಅದನ್ನ ಹುಡುಕಿ ಮತ್ತೆ ತಲುಪಿಸಿ ಏನೂ ಉಪಯೋಗ ಇಲ್ಲ, ಅಷ್ಟೊತ್ತಿಗೆ ವಿಮಾನ 150 ಮೀಟರ್ ಮುಂದೆ ಹೋಗಿರತ್ತೆ, ಹೊಸ ಸಾಲು ಬಂದ್ರೆ ಸಾಕು. ಪೋರ್ಟ್ ನಂಬರ್ ಅಂದ್ರೆ ಪ್ಲಾಟ್‌ಫಾರ್ಮ್ ನಂಬರ್ ಅಂದ್ಕೊಳ್ಳಿ. ಎಕ್ಸ್‌ಜಿಪಿಎಸ್ ಸಾಲುಗಳಿಗೆ 49002. ಫೋರ್‌ಫ್ಲೈಟ್ ಅನ್ನೋ ಆ್ಯಪ್ ಅಂತೂ ತಾನೇ ಐದು ಸೆಕೆಂಡಿಗೊಮ್ಮೆ 63093ನೇ ಪೋರ್ಟ್‌ನಲ್ಲಿ ನಾನಿಲ್ಲಿದೀನಿ ಅಂತ ಕೂಗಿ ಹೇಳತ್ತೆ, ಆಗ ಕಳಿಸೋರಿಗೆ ವಿಳಾಸ ಸಿಕ್ಕಿಬಿಡತ್ತೆ, ಇಡೀ ಮನೆಗೆಲ್ಲ ಕೂಗೋ ಅಗತ್ಯ ಇರಲ್ಲ.

ಎಕ್ಸ್‌ಜಿಪಿಎಸ್ ಥರಾನೇ ಸಂದೇಶ ಕಳಿಸೋ ಇನ್ನೊಂದು ಭಾಷೆನೂ ಇದೆ, ಜಿಡಿಎಲ್ 90 ಅಂತ. ಇದರ ಕಥೆ ನಂಗೆ ತುಂಬಾ ಇಷ್ಟ. ಪಾರ್ಸೆಲ್ ಸಾಗಿಸೋ ಯುಪಿಎಸ್ ಕಂಪನಿಗೆ ವಿಮಾನದ ಎಲೆಕ್ಟ್ರಾನಿಕ್ಸ್ ಮಾಡೋ ಒಂದು ವಿಭಾಗ ಇತ್ತು, ಅವರು ಮಾಡಿದ ಒಂದು ಡಬ್ಬದ ಹೆಸರು ಜಿಡಿಎಲ್ 90. ಅಲಾಸ್ಕಾದಲ್ಲಿ ರಸ್ತೆಗಳೇ ಕಮ್ಮಿ, ಊರಿಂದ ಊರಿಗೆ ಸಣ್ಣ ವಿಮಾನದಲ್ಲೇ ಹೋಗ್ಬೇಕು, ಹವಾಮಾನ ಕೆಟ್ಟದು, ಅಪಘಾತ ಜಾಸ್ತಿ. ಅಲ್ಲಿ ಕ್ಯಾಪ್‌ಸ್ಟೋನ್ ಅನ್ನೋ ಯೋಜನೆಯಲ್ಲಿ ಈ ಡಬ್ಬಗಳನ್ನ ವಿಮಾನಗಳಿಗೆ ಹಾಕಿದ್ರು, ವಿಮಾನ ತಾನು ಎಲ್ಲಿದೀನಿ ಅಂತ ರೇಡಿಯೋದಲ್ಲಿ ತಾನೇ ಹೇಳ್ತಾ ಹೋಗತ್ತೆ. 2003ರಲ್ಲಿ ಆ ವಿಭಾಗವನ್ನ ಗಾರ್ಮಿನ್ ತಗೊಳ್ತು. ಆದ್ರೆ ಆ ಡಬ್ಬ ಕಾಕ್‌ಪಿಟ್ ಸ್ಕ್ರೀನ್‌ಗೆ ಡೇಟಾ ಕಳಿಸೋಕೆ ಬಳಸ್ತಿದ್ದ ಭಾಷೆ ಮಾತ್ರ ಉಳ್ಕೊಂಡು, ಈಗ ನಮ್ಮ ಊಟದ ಟೇಬಲ್ ಮೇಲೆ ಬೈನರಿ ರೂಪದಲ್ಲಿ ಓಡಾಡ್ತಾ ಇದೆ. ಒಂದೊಂದು ಅಕ್ಷಾಂಶ ರೇಖಾಂಶಕ್ಕೂ 24 ಬಿಟ್, ಅಂದ್ರೆ ಸುಮಾರು 2.4 ಮೀಟರಿನ ಸೂಕ್ಷ್ಮತೆ.

ಯಾವ ಸಿಮ್ಯುಲೇಟರ್‌ನಲ್ಲಿ ಹೆಂಗೆ ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಎಕ್ಸ್‌ಪ್ಲೇನ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೇ ಈ ಸೌಲಭ್ಯ ಇದೆ, ಟಿಕ್ ಮಾಡಿದ್ರೆ ಆಯ್ತು. ಮೈಕ್ರೋಸಾಫ್ಟ್‌ನವರದ್ದರಲ್ಲಿ ಸಿಮ್‌ಕನೆಕ್ಟ್ ಅನ್ನೋ ಬಾಗಿಲಿದೆ, ಅಲ್ಲಿಂದ ಓದಿ ವೈಫೈಗೆ ಕಳಿಸೋಕೆ ಮಧ್ಯದಲ್ಲಿ ಒಂದು ಪ್ರೋಗ್ರಾಂ ಬೇಕು. ಫ್ಲೈಟ್‌ಗೇರ್ ಪೂರ್ತಿ ಉಚಿತ, ಅದು ನಿಜವಾದ ಜಿಪಿಎಸ್ ರಿಸೀವರ್‌ಗಳು ಮಾತಾಡೋ ಎನ್ಎಂಇಎ ಭಾಷೆಯಲ್ಲೇ ಕಳಿಸತ್ತೆ. ಆ್ಯಪ್ ಕಡೆಗೆ ಬಂದ್ರೆ ಜರ್ಮನಿಯ ಫ್ರೈಬುರ್ಗ್‌ನ ಫ್ಲೈಯಿಂಗ್ ಕ್ಲಬ್‌ನವರು ಮಾಡಿರೋ ಎನ್‌ರೂಟ್ ಉಚಿತವಾಗಿ ಸಿಗತ್ತೆ. ಆ್ಯಪೇ ಬೇಡ ಅಂದ್ರೆ ಲಿಟಲ್ ನ್ಯಾವ್‌ಮ್ಯಾಪ್ ಇದೆ, ಅದು ಕಂಪ್ಯೂಟರಲ್ಲಿ ಓಡ್ತಾ ಫೋನಿನ ಬ್ರೌಸರ್‌ಗೇ ನಕ್ಷೆ ಕಳಿಸತ್ತೆ.

ಎಲ್ಲ ಸರಿ ಮಾಡಿದ್ರೂ ನಕ್ಷೆ ಮೇಲೆ ವಿಮಾನ ಬರಲಿಲ್ಲ ಅಂದ್ರೆ ನೂರಕ್ಕೆ ತೊಂಬತ್ತು ಸಲ ಕೂಗು ಮಧ್ಯದಲ್ಲೇ ನಿಂತಿರತ್ತೆ ಅಂತ ನನ್ನ ಅನುಭವ. ಕೆಲವು ರೂಟರ್‌ಗಳಲ್ಲಿ ಒಂದು ಸಾಧನ ಇನ್ನೊಂದನ್ನ ನೋಡದ ಹಾಗೆ ಗೋಡೆ ಹಾಕಿರ್ತಾರೆ, ಗೆಸ್ಟ್ ವೈಫೈಯಲ್ಲಂತೂ ಸಾಮಾನ್ಯವಾಗಿ ಇದ್ದೇ ಇರತ್ತೆ. ವಿಂಡೋಸ್ ಮನೆಯ ವೈಫೈಯನ್ನ ಪಬ್ಲಿಕ್ ಅಂತ ಗುರುತು ಮಾಡ್ಕೊಂಡಿದ್ರೆ ಫೈರ್‌ವಾಲ್ ತಡೀಬಹುದು. ಐಫೋನ್, ಐಪ್ಯಾಡ್‌ಗಳಲ್ಲಿ 2020ರ ಐಓಎಸ್ 14ರಿಂದ ಲೋಕಲ್ ನೆಟ್‌ವರ್ಕ್‌ಗೆ ಬೇರೆ ಪರ್ಮಿಶನ್ ಕೊಡ್ಬೇಕು, ಮೊದಲ ಸಲ ಕೇಳಿದಾಗ ಬೇಡ ಅಂತ ಒತ್ತಿಬಿಟ್ಟಿದ್ರೆ ಆ್ಯಪ್‌ಗೆ ಕಿವಿ ಮುಚ್ಚಿದ ಹಾಗೆ.

ಈಗ ಎತ್ತರದ ವಿಷಯ, ನಂಗೆ ತುಂಬಾ ಆಶ್ಚರ್ಯ ಆಗಿದ್ದು ಇದರಲ್ಲಿ. ಉಪಗ್ರಹಗಳಿಂದ ಲೆಕ್ಕ ಹಾಕಿದ ಎತ್ತರ ಮೂಲತಃ ಸಮುದ್ರ ಮಟ್ಟದಿಂದ ಅಲ್ವೇ ಅಲ್ಲ, ಭೂಮಿಗೆ ನಾವು ಗಣಿತದಲ್ಲಿ ಕಟ್ಟಿಕೊಂಡಿರೋ ನಯವಾದ ಮೊಟ್ಟೆ ಆಕಾರ ಇದೆಯಲ್ಲ ಎಲಿಪ್ಸಾಯ್ಡ್ ಅಂತ, ಅದರ ಮೇಲಿಂದ. ನಿಜವಾದ ಸಮುದ್ರ ಮಟ್ಟ ಗುರುತ್ವಾಕರ್ಷಣೆ ಹೆಚ್ಚು ಕಡಿಮೆ ಆದಂಗೆ ಉಬ್ಬಿ ತಗ್ಗಿರತ್ತೆ. ಇಡೀ ಭೂಮಿಯಲ್ಲಿ ಅತೀ ದೊಡ್ಡ ತಗ್ಗು ಇರೋದು ನಮ್ಮ ಕೆಳಗೇ, ಹಿಂದೂ ಮಹಾಸಾಗರದಲ್ಲಿ, ಅಲ್ಲಿ ಸಮುದ್ರ ಮಟ್ಟ ಆ ಮೊಟ್ಟೆಗಿಂತ ಸುಮಾರು 106 ಮೀಟರ್ ಕೆಳಗಿದೆ. ಯಾಕೆ ಅಂತ 2023ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಸಂಶೋಧಕರು ಕಂಪ್ಯೂಟರ್ ಮಾದರಿಗಳಿಂದ ಒಂದು ವಿವರಣೆ ಕೊಟ್ರು: ಭಾರತ ಉತ್ತರಕ್ಕೆ ಜರುಗುವಾಗ ಮುಳುಗಿದ ಟೆಥಿಸ್ ಸಾಗರದ ತಳ ಭೂಮಿಯೊಳಗೆ ಆಳಕ್ಕೆ ಹೋಗಿ, ಆಫ್ರಿಕಾ ಕೆಳಗಿನ ಬಿಸಿಯಾದ ಹಗುರ ವಸ್ತುವನ್ನ ಕದಡಿ ಮೇಲಕ್ಕೆ ಏಳೋ ಹಾಗೆ ಮಾಡ್ತು, ಆ ಹಗುರ ವಸ್ತು ಇರೋದ್ರಿಂದ ಇಲ್ಲಿ ಗುರುತ್ವಾಕರ್ಷಣೆ ಕಮ್ಮಿ ಅಂತ. ಈ ತಗ್ಗಿನ ಅಂಚು ದಕ್ಷಿಣ ಭಾರತದ ತನಕ ಹಬ್ಬಿದೆ, ಬೆಂಗಳೂರಲ್ಲಿ ವ್ಯತ್ಯಾಸ 80 ಮೀಟರಿಗೂ ಜಾಸ್ತಿ.

ಟ್ಯಾಬ್ಲೆಟ್‌ಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಜಿಡಿಎಲ್ 90 ಭಾಷೆಯ ಮೂಲ ನಿಯಮದಲ್ಲಿ ಜಿಪಿಎಸ್ ಎತ್ತರ ಆ ಮೊಟ್ಟೆ ಮೇಲಿಂದ ಇರ್ಬೇಕು, ಎಕ್ಸ್‌ಜಿಪಿಎಸ್ ಸಾಲಿನಲ್ಲಿ ಸಮುದ್ರ ಮಟ್ಟದಿಂದ. ಪ್ರೋಗ್ರಾಂ ಬರೆಯೋನು ಅದಲು ಬದಲು ಮಾಡಿದ್ರೆ ಜಕ್ಕೂರಿನ ಮೇಲೆ ಆ್ಯಪ್ ಇರೋದಕ್ಕಿಂತ 250 ಅಡಿಗೂ ಹೆಚ್ಚು ಮೇಲೆ ತೋರಿಸಬಹುದು. ಇಳೀತಾ ಇರೋ ಪೈಲಟ್‌ಗೆ 250 ಅಡಿ ಸಣ್ಣದಲ್ಲ. ಕೋಟ್ಯಂತರ ವರ್ಷದ ಹಿಂದೆ ಮುಳುಗಿದ ಸಾಗರದ ತಳ ಇವತ್ತು ಒಂದು ಸಾಫ್ಟ್‌ವೇರ್ ಬಗ್ ಆಗಿ ಕಾಣಿಸ್ಕೊಳ್ಳತ್ತೆ ಅಂದ್ರೆ ನಂಗಿನ್ನೂ ಮೈ ಜುಂ ಅನ್ನತ್ತೆ.

ಇನ್ನೊಂದು ಸಾಲು ಇದೆ, ವಿಮಾನ ಎಷ್ಟು ವಾಲಿದೆ, ಮೂಗು ಎಷ್ಟು ಎತ್ತಿದೆ ಅಂತ ಹೇಳೋದು, ಅದು ಸೆಕೆಂಡಿಗೆ ನಾಲ್ಕರಿಂದ ಹತ್ತು ಸಲ ಬರತ್ತೆ. ಟ್ಯಾಬ್ಲೆಟ್‌ನಲ್ಲೇ ಸೆನ್ಸರ್ ಇದೆಯಲ್ಲ ಇದ್ಯಾಕೆ ಬೇಕು ಅಂತ ತಮ್ಮ ಕೇಳಿದ. ಟೇಬಲ್ ಮೇಲೆ ಮಲಗಿರೋ ಟ್ಯಾಬ್ಲೆಟ್‌ಗೆ ಏನೂ ತಿಳಿಯಲ್ಲ ಅನ್ನೋದು ಸರಿನೇ, ಆದ್ರೆ ನಿಜವಾದ ವಿಮಾನದಲ್ಲೂ ಕಷ್ಟನೇ. ಚಾರ್ಮಾಡಿ ಘಾಟಿ ತಿರುವಲ್ಲಿ ಬಸ್ಸು ನಮ್ಮನ್ನ ಪಕ್ಕಕ್ಕೆ ಎಸೆಯತ್ತೆ, ವಿಮಾನ ಹಂಗಲ್ಲ, ಸರಿಯಾಗಿ ವಾಲಿಸಿ ತಿರುಗಿಸಿದ್ರೆ ನಾವು ನೇರ ಸೀಟಿಗೇ ಒತ್ಕೊಳ್ತೀವಿ, ಲೋಟದ ಕಾಫಿನೂ ಚೆಲ್ಲಲ್ಲ. ಅಂಥಾ ಕಡೆ ಬರೀ ಭಾರ ನೋಡೋ ಸೆನ್ಸರ್‌ಗೆ ವಿಮಾನ ಸಮತಟ್ಟಾಗೇ ಇದೆ ಅಂತ ಅನ್ಸತ್ತೆ.

ಮನೆಯಲ್ಲಿ ಹಿಂಗೆ ಕೂತು ಅಭ್ಯಾಸ ಮಾಡೋದ್ರಿಂದ ಆಗೋ ದೊಡ್ಡ ಲಾಭ ಅಂದ್ರೆ ಆ್ಯಪ್ ಕೈಗೆ ಹತ್ತತ್ತೆ. ಗಾಳಿಯಲ್ಲಿ ಯಾವ ಬಟನ್ ಎಲ್ಲಿದೆ ಅಂತ ತಲೆ ಬಗ್ಗಿಸಿ ಹುಡುಕ್ತಾ ಕೂತ್ರೆ ಹೊರಗೆ ನೋಡೋರು ಯಾರು? ಒಂದು ಮಾತು, ಕೆಲವು ಆ್ಯಪ್‌ಗಳು ಹಾರಿದ ದಾರಿಯನ್ನ ತಾವೇ ರೆಕಾರ್ಡ್ ಮಾಡಿ ಇಟ್ಕೊಳ್ತವೆ, ಸಿಮ್ಯುಲೇಟರ್ ಹಾರಾಟಗಳನ್ನ ಅವತ್ತೇ ಡಿಲೀಟ್ ಮಾಡಿ, ಟ್ರೈನಿಂಗ್‌ನಲ್ಲಿರೋರ ನಿಜವಾದ ಗಂಟೆಗಳ ಲೆಕ್ಕದ ಜೊತೆ ಅದು ಸೇರಲೇಬಾರದು. ಇನ್ನು ಆ್ಯಪ್‌ನ ನಕ್ಷೆ ಡೇಟಾ 28 ದಿನಕ್ಕೊಮ್ಮೆ ಹೊಸದಾಗತ್ತೆ, ಸಿಮ್ಯುಲೇಟರ್‌ನದ್ದು ಹಳೇದಿರಬಹುದು. ಹಳೇ ಸೀನರಿಯಲ್ಲಿ ಕೆಂಪೇಗೌಡ ನಿಲ್ದಾಣಕ್ಕೆ ಒಂದೇ ರನ್‌ವೇ, ಎರಡನೇದು 2019ರ ಡಿಸೆಂಬರಲ್ಲಿ ಶುರುವಾಗಿದ್ದು. ಟ್ಯಾಬ್ಲೆಟ್‌ನಲ್ಲಿ ರನ್‌ವೇ, ಸ್ಕ್ರೀನಲ್ಲಿ ಹೊಲ!

ಆ ಐದು ನಂಬರಿನ ಸಾಲಿಗೆ ಪಾಸ್‌ವರ್ಡ್ ಇಲ್ಲ, ಸಹಿ ಇಲ್ಲ, ಯಾರು ಕೂಗಿದ್ರೂ ಆ್ಯಪ್ ಕೇಳತ್ತೆ ಅಂತ ಆಗ್ಲೇ ನೋಡಿದ್ವಿ. ಉಪಗ್ರಹಗಳಿಂದ ಎಲ್ಲರ ಬಳಕೆಗೆ ಬರೋ ಮಾಮೂಲಿ ಜಿಪಿಎಸ್ ಸಿಗ್ನಲ್‌ಗೂ ಅಂಥ ಸಹಿ ಇಲ್ಲ. ಸುಳ್ಳು ಸಿಗ್ನಲ್ ಕಳಿಸಿ ನಿಜವಾದ ವಿಮಾನಗಳನ್ನ ದಾರಿ ತಪ್ಪಿಸೋದಕ್ಕೆ ಸ್ಪೂಫಿಂಗ್ ಅಂತಾರೆ, 2025ರ ಕೊನೆಯಲ್ಲಿ ದೆಹಲಿ ವಿಮಾನ ನಿಲ್ದಾಣದ ಹತ್ರ ಇದಾಗಿತ್ತು ಅಂತ ಸರ್ಕಾರನೇ ಸಂಸತ್ತಿನಲ್ಲಿ ಒಪ್ಪಿಕೊಂಡಿದೆ. ಆ ಸುದ್ದಿ ಓದಿದ ಮೇಲೆ ತಮ್ಮ ಇನ್ನೊಂದು ಸಲ ಬಂದಾಗ ಒಂದು ಪರೀಕ್ಷೆ ಮಾಡಿದೆ, ಅವನಿಗೆ ಹೇಳದೇನೇ. ನನ್ನ ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿ, ಕಳಿಸೋ ಅಕ್ಷಾಂಶಕ್ಕೆ ಪ್ರತಿ ಸೆಕೆಂಡಿಗೆ 0.00005 ಡಿಗ್ರಿ ಕೂಡಿಸ್ತಾ ಹೋದೆ. ಅಂದ್ರೆ ಸೆಕೆಂಡಿಗೆ ಐದೂವರೆ ಮೀಟರ್ ಸುಳ್ಳು, ಪಕ್ಕದ ಗಾಳಿ ತಳ್ಳಿದ ಹಾಗೆ ಅನ್ಸತ್ತೆ ಅಷ್ಟೇ.

ಜಕ್ಕೂರಿಂದ ತುಮಕೂರಿಗೆ ಹೊರಟ. ಆ್ಯಪ್‌ನಲ್ಲಿ ವಿಮಾನ ಹೋಗ್ಬೇಕಾದ ದಾರಿಯ ಗೆರೆಯಿಂದ ಬಲಕ್ಕೆ, ಅಂದ್ರೆ ಉತ್ತರಕ್ಕೆ, ಸರೀತಾ ಇತ್ತು, ಅವನು ಗಾಳಿ ಅಂದ್ಕೊಂಡು ಎಡಕ್ಕೆ ಸರಿ ಮಾಡ್ಕೊಳ್ತಾ ಗೆರೆ ಮೇಲೇ ಇಟ್ಕೊಂಡಿದ್ದ, ನಿಜವಾಗಿ ದಕ್ಷಿಣಕ್ಕೆ ಜಾರ್ತಾ ಇದ್ದ. ಹೆಸರಘಟ್ಟ ಕೆರೆ ಕೆಳಗೇ ಬರ್ಬೇಕಿತ್ತು, ಬಲಗಡೆ ಹೋಯ್ತು, ಅವನು ಟ್ಯಾಬ್ಲೆಟ್ ನೋಡ್ತಾ ಇದ್ದ. ಹತ್ತು ನಿಮಿಷ, ಹನ್ನೆರಡು ನಿಮಿಷ. ಹದಿನೈದನೇ ನಿಮಿಷಕ್ಕೆ ತಲೆ ಎತ್ತಿ ಎಡಗಡೆ ವ್ಯೂ ತಿರುಗಿಸಿ ಸುಮ್ಮನೆ ನೋಡ್ತಾ ಕೂತ. "ಅಣ್ಣಾ, ಶಿವಗಂಗೆ ಬೆಟ್ಟ ಇಷ್ಟು ಹತ್ರ ಬರಬಾರ್ದಲ್ವಾ? ದೇವರಾಯನದುರ್ಗಕ್ಕೂ ಇದಕ್ಕೂ ಮಧ್ಯದಲ್ಲಿ ಹೋಗ್ಬೇಕಿತ್ತು ನಾವು" ಅಂದ. ಅಷ್ಟೊತ್ತಿಗೆ ಸುಳ್ಳು ಐದು ಕಿಲೋಮೀಟರ್ ಆಗಿತ್ತು. ಟ್ಯಾಬ್ಲೆಟ್ ಎತ್ತಿ ಬೋರಲು ಹಾಕಿ, ಕಂಪಾಸ್ ನೋಡ್ಕೊಂಡು, ಹೆದ್ದಾರಿ ಹುಡುಕಿ ಅದರ ಪಕ್ಕದಲ್ಲೇ ತುಮಕೂರಿಗೆ ಹೋದ. ಇಳಿದ್ಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಶುರು ಮಾಡಿದ್ದು ಯಾವಾಗ ಅಂತ. ಟೇಕಾಫ್‌ನಿಂದಾನೇ ಅಂದೆ. ಮುಂದಿನ ಸಲ ಅವನು ಹೆಸರಘಟ್ಟ ಕೆರೆ ಹತ್ರಾನೇ ಹಿಡಿದ.