ಥಾಯ್ ಬಾಯಲ್ಲಿ ‘ಬಿಲ್’ ಏಕೆ ‘ಬಿನ್’ ಆಗುತ್ತದೆ?

1946ರಿಂದ 2016ರವರೆಗೆ ಥಾಯ್ಲೆಂಡನ್ನು ಆಳಿದ ದೊರೆಯ ಹೆಸರಿನ ಮೂಲ ನಮಗೆ ಕೂಡಲೇ ಅರ್ಥವಾಗುತ್ತದೆ: ಭೂಮಿಬಲ ಅತುಲ್ಯತೇಜ. ಥಾಯ್ ಲಿಪಿಯಲ್ಲೂ ‘ಬಲ’ದ ಲಕಾರ, ‘ತೇಜ’ದ ಜಕಾರ ಇಂದಿಗೂ ಉಳಿದಿವೆ. ಆದರೆ ಬ್ಯಾಂಕಾಕಿನ ಯಾರಾದರೂ ಅದನ್ನು ಓದಿದರೆ ಕೇಳಿಸುವುದು ‘ಫೂಮಿಫೊನ್ ಅದುನ್ಯದೇತ್’. ಲಕಾರ ನಕಾರವಾಯಿತು, ಜಕಾರ ತಕಾರವಾಯಿತು.

ಇದನ್ನು ಉದಾಸೀನ ಎನ್ನುವಂತಿಲ್ಲ, ಇದು ಆ ಭಾಷೆಯ ಕಟ್ಟುನಿಟ್ಟಾದ ನಿಯಮ. ಥಾಯ್ ವರ್ಣಮಾಲೆಯಲ್ಲಿ 44 ವ್ಯಂಜನಾಕ್ಷರಗಳಿದ್ದರೂ ಪದದ ಕೊನೆಯಲ್ಲಿ ನಿಲ್ಲಬಲ್ಲ ವ್ಯಂಜನಗಳು ಮುಖ್ಯವಾಗಿ ಪ್, ತ್, ಕ್, ಮ್, ನ್, ಙ್, ಯ್, ವ್ ಅಷ್ಟೇ. ಬೇರೆ ಯಾವುದು ಬಂದರೂ ಇವುಗಳಲ್ಲೊಂದರ ರೂಪ ತಾಳಲೇಬೇಕು. ಹಾಗಾಗಿಯೇ ಅಲ್ಲಿ ನಗರ ‘ನಖೊನ್’, ರಸ ‘ರೊತ್’, ಆಕಾಶ ‘ಆಕಾತ್’.

ಸಂಸ್ಕೃತಕ್ಕೆ ಆದದ್ದೇ ಇಂಗ್ಲಿಷಿಗೂ ಆಗಿದೆ. ಫುಟ್‌ಬಾಲ್ ‘ಫುತ್‌ಬೊನ್’, ಟೆನಿಸ್ ‘ಥೆನ್ನಿತ್’. ಹೋಟೆಲಿನ ಬಿಲ್ಲನ್ನು ಲಕಾರದಿಂದಲೇ ಬರೆದು ‘ಬಿನ್’ ಎಂದು ಓದುತ್ತಾರೆ. ಥಾಯ್ ಭಾಷೆಯಲ್ಲಿ ‘ಬಿನ್’ ಎಂದರೆ ಹಾರುವುದು. ಇಂಗ್ಲಿಷ್ ಕಲಿಯುವ ಹುಡುಗಿಗೆ ರೈಸ್, ರೈಟ್ ಎರಡೂ ಒಂದೇ ಆಗಿಬಿಡುವುದು ಈ ದಾರಿಯಲ್ಲೇ. ಪದದ ಆರಂಭದಲ್ಲೂ ತೊಡಕುಗಳಿವೆ. ಥಾಯ್‌ನಲ್ಲಿ ಶಕಾರದ ಧ್ವನಿ ಇಲ್ಲದ್ದರಿಂದ ಶಿಪ್ ಮತ್ತು ಚಿಪ್, ಶೇರ್ ಮತ್ತು ಚೇರ್ ಒಂದಾಗುತ್ತವೆ.

ಕನ್ನಡಕ್ಕೂ ಪದದ ಕೊನೆಯ ವ್ಯಂಜನ ಅಷ್ಟಾಗಿ ಒಗ್ಗುವುದಿಲ್ಲ. ನಾವು ಕಂಡುಕೊಂಡ ಉಪಾಯ ಬೇರೆ: ಒಂದು ಉಕಾರ ಸೇರಿಸಿ ಬಸ್ಸು, ಬಿಲ್ಲು, ಬ್ಯಾಗು ಎಂದೆವು. ನಾವು ವ್ಯಂಜನವನ್ನು ಉಳಿಸಿಕೊಂಡು ಪದವನ್ನು ಉದ್ದ ಮಾಡಿದೆವು. ಅವರು ಪದದ ಅಳತೆಯನ್ನು ಉಳಿಸಿಕೊಂಡು ವ್ಯಂಜನವನ್ನು ಬದಲಿಸಿದರು. ಎರಡೂ ಸಮಾನ ಗೌರವಕ್ಕೆ ಅರ್ಹವಾದ ಪರಿಹಾರಗಳು.

ನಿಜವಾಗಿ ಸೂಕ್ಷ್ಮವಾದ ತೊಡಕು ಬ್ಯಾಕ್ ಮತ್ತು ಬ್ಯಾಗ್, ಕ್ಯಾಪ್ ಮತ್ತು ಕ್ಯಾಬ್‌ಗಳಂಥ ಜೋಡಿಗಳದ್ದು. ‘ಕ್ಯಾಪ್’ ಎಂದು ಹೇಳಿ, ಕೊನೆಯಲ್ಲಿ ಮುಚ್ಚಿದ ತುಟಿಗಳನ್ನು ತೆರೆಯದೆ ಹಾಗೆಯೇ ಹಿಡಿದು ನೋಡಿ. ಒಳಗಿನ ಗಾಳಿ ಸಿಡಿಯುವುದಿಲ್ಲ, ಸದ್ದು ಅಲ್ಲಿಗೇ ಕತ್ತರಿಸಿ ಬೀಳುತ್ತದೆ. ಥಾಯ್‌ನ ಕೊನೆಯ ಪ್, ತ್, ಕ್ ಹುಟ್ಟುವುದು ಹೀಗೆ. ಗಾಳಿ ಹೊರಬೀಳದಿದ್ದರೆ, ಕಂಠದ ಕಂಪನವೂ ಇಲ್ಲದಿದ್ದರೆ, ಬಾಯಿ ಮುಚ್ಚಿದ್ದು ಪಕಾರಕ್ಕೋ ಬಕಾರಕ್ಕೋ ಎಂದು ಕೇಳುವವರು ಹೇಗೆ ತಿಳಿಯಬೇಕು?

ಸಮಸ್ಯೆ ನಾಲಿಗೆಯದ್ದಷ್ಟೇ ಅಲ್ಲ, ಕಿವಿಯದ್ದೂ ಹೌದು. 1984ರಲ್ಲಿ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಮಾತಿನ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತಕಾರ–ಟಕಾರಗಳನ್ನು ಬೇರೆಬೇರೆಯಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಮನೆಯಲ್ಲಿ ಕೇಳದ ಭೇದವನ್ನು ಮೆದುಳು ಅಷ್ಟು ಬೇಗ ಬದಿಗಿಡುತ್ತದೆ. ಹೀಗಿರುವಾಗ ವಿದ್ಯಾರ್ಥಿಯನ್ನು ‘ಸರಿಯಾಗಿ ಕೇಳಿಸಿಕೋ’ ಎಂದು ಗದರಿಸುವುದು ಅನ್ಯಾಯ ಎಂದೇ ನನ್ನ ಭಾವನೆ.

ಥಾಯ್ ಕಿವಿಗೆ ಈಗಾಗಲೇ ಗೊತ್ತಿರುವುದನ್ನು ಬಳಸಿಕೊಳ್ಳುವುದು ಮೇಲು. ಇಂಗ್ಲಿಷಿನಲ್ಲಿ ಬ್ಯಾಗ್‌ನ ಸ್ವರ ಬ್ಯಾಕ್‌ನ ಸ್ವರಕ್ಕಿಂತ ಉದ್ದ. ಕೊನೆಯ ವ್ಯಂಜನ ಮಸುಕಾಗಿದ್ದರೂ ಈ ಉದ್ದದ ಸುಳಿವಿನಿಂದಲೇ ಇಂಗ್ಲಿಷ್ ಕೇಳುಗರು ಎಷ್ಟೋ ಸಲ ಪದವನ್ನು ಗುರುತಿಸುತ್ತಾರೆ. ಥಾಯ್‌ನಲ್ಲಿ ನಮ್ಮ ಹಾಗೆಯೇ ಹ್ರಸ್ವ–ದೀರ್ಘಗಳ ಭೇದವಿದೆ. ‘ಆ್ಯ’ ಸ್ವರಕ್ಕೂ ಅಲ್ಲಿ ಗಿಡ್ಡ, ಉದ್ದ ಎರಡು ರೂಪಗಳಿವೆ. ಆದ್ದರಿಂದ ಶಿಕ್ಷಕರು ಗಕಾರದ ಬೆನ್ನು ಹತ್ತುವ ಬದಲು ‘ಬ್ಯಾಗ್‌ನ ಸ್ವರವನ್ನು ಎಳೆ, ಬ್ಯಾಕ್‌ನದ್ದನ್ನು ಮೊಟಕುಗೊಳಿಸು’ ಎಂದು ಹೇಳಿಕೊಡಬಹುದು.

ರೈಸ್–ರೈಟ್ ಜೋಡಿಗೆ ಈ ಉಪಾಯ ನಡೆಯದು, ಏಕೆಂದರೆ ಎರಡರ ಸ್ವರವೂ ಗಿಡ್ಡವೇ. ಅಲ್ಲಿ ಬೇಕಾದದ್ದು ಸಕಾರದ ಉಸಿರು. ಪದದ ಆರಂಭದಲ್ಲಾದರೆ ಸಕಾರವನ್ನೂ ಲಕಾರವನ್ನೂ ಥಾಯ್ ನಾಲಿಗೆ ಸಲೀಸಾಗಿ ನುಡಿಯುತ್ತದೆ. ಆದ್ದರಿಂದ ಸ್ವರದಿಂದ ಶುರುವಾಗುವ ಪದವೊಂದನ್ನು ಮುಂದೆ ಜೋಡಿಸಿ ಅಭ್ಯಾಸ ಮಾಡಿಸಬಹುದು: ‘ರೈಸ್ ಆ್ಯಂಡ್’ ಎಂಬುದು ‘ರೈ–ಸ್ಯಾಂಡ್’, ‘ಫಿಲ್ ಇಟ್’ ಎಂಬುದು ‘ಫಿ–ಲಿಟ್’. ಆಮೇಲೆ ಎರಡನೆಯ ಪದವನ್ನು ಮೆಲ್ಲಗೆ ಕರಗಿಸುತ್ತ ಬಂದರೆ ಕೊನೆಯ ಸಕಾರ, ಲಕಾರಗಳು ತಮ್ಮ ಜಾಗದಲ್ಲಿ ನಿಲ್ಲತೊಡಗುತ್ತವೆ.