ಮದ್ದು ಗಡ್ಡೆಗೆ ಮುಟ್ಟಿತೇ?

ವಿಜಯಪುರ, ಕಲಬುರಗಿ ಕಡೆಯಿಂದ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬಂದವರಿಗೆ ಹಿಂದಿ, ಮರಾಠಿ ಬಿಡಿಸಿ ಹೇಳಲು ಜೊತೆಗೆ ಹೋಗುವ ಮುಂಬೈ ಕನ್ನಡಿಗರಿಗೆ ಈಗೀಗ ಒಂದು ಪ್ರಶ್ನೆ ಎದುರಾಗುತ್ತದೆ: “ಗಡ್ಡಿ ಎಲ್ಲದ ಅಂತ ತೋರಿಸಿ ಅಲ್ಲೇ ಮದ್ದು ಬಿಡೋ ನ್ಯಾನೊ ಔಷಧ ಬಂದದಂತಲ್ರೀ, ನಮ್ಮ ಅವ್ವಗ ಯಾಕ ಕೊಡವಲ್ರು?” ಮೊಬೈಲಿನಲ್ಲಿ ಹರಿದಾಡಿದ ಸುದ್ದಿ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಒಂದೇ ವಸ್ತುವಿನಿಂದ ರೋಗವನ್ನು ನೋಡುವುದು, ಅದಕ್ಕೇ ಮದ್ದು ಮಾಡುವುದು ಹಳೆಯ ವಿದ್ಯೆ. ಥೈರಾಯ್ಡ್‌ಗೆ ವಿಕಿರಣ ಸೂಸುವ ಅಯೋಡಿನ್ 1940ರ ದಶಕದಿಂದಲೇ ಬಳಕೆಯಲ್ಲಿದೆ. 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೇದಾ, ಗಡ್ಡೆಯ ರಕ್ತನಾಳಗಳು ಸೋರುತ್ತವೆ, ದೊಡ್ಡ ಅಣುಗಳು ಅಲ್ಲಿ ನುಸುಳಿ ಉಳಿದುಬಿಡುತ್ತವೆ ಎಂದು ತೋರಿಸಿದರು. ಮದ್ದು ಹೊತ್ತ ನ್ಯಾನೊ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಗಡ್ಡೆಗೆ ತಲುಪಿಯಾವು ಎಂಬ ಮುಂದಿನ ಮೂವತ್ತು ವರ್ಷದ ಆಸೆಯೆಲ್ಲ ಆ ಸೋರಿಕೆಯ ಮೇಲೆ ನಿಂತಿತು.

ಸರಪಳಿಯಂಥ ಉದ್ದ ಅಣುಗಳಿಂದಾದ ಪಾಲಿಮರ್ ಕಣಗಳು ಮೊದಲು ಬಿಡಿಸಿದ್ದು ಬೇರೆಯೇ ತೊಡಕನ್ನು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಮದ್ದು ನೀರಿನಲ್ಲಿ ಕರಗುವುದಿಲ್ಲ. ಅದನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸಬೇಕು. ಆ ದ್ರಾವಕವೇ ಕೆಲವರಿಗೆ ಮೈ ಕೆಂಪೇರಿಸಿ ಉಸಿರು ಕಟ್ಟಿಸುತ್ತದೆ. ಸಲೈನ್ ಹಚ್ಚುವ ಮುಂಚೆ ಸ್ಟೆರಾಯ್ಡ್ ಕೊಡುವುದು ಅದಕ್ಕೇ. ಮದ್ದನ್ನು ಪಾಲಿಮರ್ ಕಣದೊಳಗೆ ಅಡಗಿಸಿದರೆ ಆ ಎಣ್ಣೆಯೇ ಬೇಡ. 2007ರಲ್ಲಿ ದಕ್ಷಿಣ ಕೊರಿಯಾ ಅಂಥ ಪ್ಯಾಕ್ಲಿಟ್ಯಾಕ್ಸೆಲ್ ಆದ ಜೆನೆಕ್ಸಾಲ್-ಪಿಎಂಗೆ ಒಪ್ಪಿಗೆ ಕೊಟ್ಟಿತು. ಸುಮಾರು ಅದೇ ಹೊತ್ತಿಗೆ ನಮ್ಮಲ್ಲೂ ಅದೇ ಬಗೆಯ ನ್ಯಾನೊಕ್ಸೆಲ್ ಬಂತು.

ಆಮೇಲೆ ಕಣದ ಮೇಲೆ ಹೊರೆ ಏರುತ್ತ ಹೋಯಿತು. ತಾನಾಗಿ ಕರಗುವ ಹೊಲಿಗೆ ದಾರದ ಜಾತಿಯದೇ ಆದ ಪಿಎಲ್‌ಜಿಎ ಪಾಲಿಮರಿನೊಳಗೆ ಮದ್ದಿನ ಜೊತೆ ಎಂಆರ್‌ಐನಲ್ಲಿ ಕಾಣುವ ಕಬ್ಬಿಣದ ಆಕ್ಸೈಡ್ ಅಥವಾ ಹೊಳೆಯುವ ಬಣ್ಣವನ್ನೂ ತುಂಬಿದರು. ಇಲಿಯಲ್ಲಿ ಚಿತ್ರ ಚೆನ್ನಾಗಿ ಬಂತು. ಆದರೆ ಕೆಲವೇ ವಾರದಲ್ಲಿ ಬೆಳೆಸಿದ ಇಲಿಯ ಗಡ್ಡೆ ಬೇರೆ, ಮನುಷ್ಯನಲ್ಲಿ ವರ್ಷಗಟ್ಟಲೆ ಬೆಳೆದ ಗಡ್ಡೆ ಬೇರೆ. ಒಬ್ಬರಲ್ಲಿ ನಾಳ ಸೋರುತ್ತದೆ, ಇನ್ನೊಬ್ಬರಲ್ಲಿ ಇಲ್ಲ. ಬಹುಪಾಲು ಕಣಗಳನ್ನು ಯಕೃತ್ತು, ಗುಲ್ಮಗಳೇ ಹಿಡಿದುಬಿಡುತ್ತವೆ. ಪ್ರಾಣಿಗಳ ಮೇಲಿನ ಹತ್ತು ವರ್ಷದ ಪ್ರಯೋಗಗಳನ್ನು 2016ರಲ್ಲಿ ಒಟ್ಟುಹಾಕಿ ನೋಡಿದಾಗ, ಚುಚ್ಚಿದ್ದರಲ್ಲಿ ಗಡ್ಡೆಗೆ ಮುಟ್ಟಿದ್ದು ನಡುಮಟ್ಟಕ್ಕೆ ಶೇ. 0.7 ಮಾತ್ರ. ಇನ್ನೊಂದು ಎಳೆದಾಟವೂ ಇದೆ: ಚಿತ್ರ ಸ್ಪಷ್ಟ ಬರಬೇಕಾದರೆ ಕಣ ರಕ್ತದಿಂದ ಬೇಗ ಹೋಗಬೇಕು, ಮದ್ದು ಕೆಲಸ ಮಾಡಬೇಕಾದರೆ ಬಹಳ ಹೊತ್ತು ಸುತ್ತಬೇಕು.

ಈ ಲೆಕ್ಕ ನೋಡಿ ಕಣವನ್ನೇ ಕೈಬಿಡಬೇಕು ಎಂದು ನನಗೆ ಅನ್ನಿಸುವುದಿಲ್ಲ. ಅಲಂಕಾರದಂತೆ ಕೊನೆಗೆ ಸೇರಿದ ‘ನೋಡುವ’ ಭಾಗ ಮೊದಲು ಬರಬೇಕಿತ್ತು. 2017ರ ಒಂದು ಸಣ್ಣ ಅಧ್ಯಯನದಲ್ಲಿ ರೋಗಿಗಳಿಗೆ ಮೊದಲು ಕಬ್ಬಿಣದ ಕಣ ಕೊಟ್ಟು ಎಂಆರ್‌ಐ ಮಾಡಿದರು, ಆಮೇಲೆ ಕೊಬ್ಬಿನ ಗುಳ್ಳೆಯಲ್ಲಿಟ್ಟ ಇರಿನೊಟೆಕಾನ್ ಎಂಬ ಕ್ಯಾನ್ಸರ್ ಮದ್ದು ಕೊಟ್ಟರು. ಕಬ್ಬಿಣವನ್ನು ಹೆಚ್ಚು ಹೀರಿದ ಗಡ್ಡೆಗಳೇ ಹೆಚ್ಚು ಕುಗ್ಗಿದವು. ಯಾರಿಗೆ ಫಲಿಸೀತು ಎಂದು ಮೊದಲೇ ತಿಳಿದರೆ, ಫಲಿಸದವರಿಗೆ ವಾಂತಿ, ಸುಸ್ತಿನ ಅಷ್ಟೂ ಸುತ್ತುಗಳು ತಪ್ಪುತ್ತವೆ.

ಆ ಮಗನಿಗೆ ಇವತ್ತು ಹೇಳಬಹುದಾದದ್ದು ಇಷ್ಟು: ನ್ಯಾನೊ ರೂಪದ ಪ್ಯಾಕ್ಲಿಟ್ಯಾಕ್ಸೆಲ್ ಇದೆ, ಅವ್ವನಿಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಬಹುದು. ಚಿತ್ರವನ್ನೂ ತೋರಿಸುವ ಪಾಲಿಮರ್ ಕಣ ಇನ್ನೂ ವಾರ್ಡಿನವರೆಗೆ ಬಂದಿಲ್ಲ.