350 ಕಿ.ಮೀ.ಗೆ ಒಂದೂಕಾಲು ಗಂಟೆ ಯಾಕೆ?

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ 350 ಕಿ.ಮೀ. ಇದೆ ಅಂದುಕೊಳ್ಳಿ. ಇಂಥ ದಾರಿಯಲ್ಲಿ ಓಡಾಡುವ, ಪ್ರೊಪೆಲರ್ ಇರುವ ಎಟಿಆರ್ 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 42 ನಿಮಿಷ ಸಾಕು. ಟಿಕೆಟ್ ನೋಡಿದರೆ ಒಂದು ಗಂಟೆಗೂ ಜಾಸ್ತಿ, ಕೆಲವೊಮ್ಮೆ ಒಂದೂಕಾಲು ಗಂಟೆ! ಲೆಕ್ಕವೇನೂ ತಪ್ಪಿಲ್ಲ. ಆದರೆ ಆ 350 ವಿಮಾನ ನಿಜವಾಗಿ ಹಾರುವ ದೂರವಲ್ಲ, ಆ ಒಂದೂಕಾಲು ಗಂಟೆ ಹಾರುವ ಸಮಯವೂ ಅಲ್ಲ.

ನಮಗೆ ಸಿಗುವ ದೂರ ಅಂದರೆ ಗ್ಲೋಬಿನ ಮೇಲೆ ಎರಡು ಊರಿನ ನಡುವೆ ದಾರ ಬಿಗಿದು ಅಳೆದ ಹಾಗೆ. ನಮ್ಮ ಈ 350 ಕಿ.ಮೀ.ಯನ್ನೇ ಪೈಲಟ್‌ಗಳು 189 ಅನ್ನುತ್ತಾರೆ. ಅವರದು ನಾಟಿಕಲ್ ಮೈಲಿ, ಹಡಗಿನವರಿಂದ ಬಂದ ಬಳುವಳಿ. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್ ಎಂದು 1929ರಲ್ಲಿ ನಿಗದಿಯಾಯಿತು. ವಿಮಾನ ಮಾತ್ರ ದಾರದ ಮೇಲೆ ಹೋಗುವುದಿಲ್ಲ. ಎರಡನೇ ಮಹಾಯುದ್ಧದ ನಂತರ ನೆಲದ ಮೇಲೆ ರೇಡಿಯೋ ಕೇಂದ್ರಗಳು ಹರಡಿಕೊಂಡವು. ಒಂದರಿಂದ ಇನ್ನೊಂದಕ್ಕೆ ಹಾರುವುದೇ ದಾರಿಯಾಯಿತು, ಅಂಕುಡೊಂಕಾದರೂ ಸರಿ. ಜಿಪಿಎಸ್ ಬಂದ ಮೇಲೆ ದಾರಿ ಎಷ್ಟೋ ನೇರವಾಗಿದೆ. ಆದರೂ ಗಾಳಿಗೆ ಎದುರಾಗಿ ಮೇಲೇರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಹೋಗಬೇಕಾದ ಊರು ಬೆನ್ನ ಹಿಂದಿದ್ದರೆ ಸುತ್ತಿ ಬರದೆ ಬೇರೆ ದಾರಿಯಿಲ್ಲ.

ಹಾಗಿದ್ದರೆ ಜೆಟ್ ಬಿಡಬಹುದಲ್ವಾ? ಗಂಟೆಗೆ 800 ಕಿ.ಮೀ. ಹಾರುತ್ತದಲ್ಲ! ಇಲ್ಲೇ ಇರುವುದು ತಮಾಷೆ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು ಅನ್ನುವುದು ಪೈಲಟ್‌ಗಳ ಬಾಯಿಲೆಕ್ಕ. 30,000 ಅಡಿಗೆ ಏರಿದರೆ ಇಳಿಯಲಿಕ್ಕೇ ಸುಮಾರು 165 ಕಿ.ಮೀ. ಬೇಕು. ಹತ್ತಿರ ಹತ್ತಿರ ಅರ್ಧ ದಾರಿ. ಜೆಟ್ ತನ್ನ ಪೂರ್ತಿ ವೇಗ ಮುಟ್ಟುವ ಹೊತ್ತಿಗೆ ಇಳಿಯುವ ಸಮಯವೇ ಬಂದಿರುತ್ತದೆ. ಉಳಿಯುವುದು ಬೆರಳೆಣಿಕೆಯ ನಿಮಿಷಗಳು, ಸುಡುವ ಇಂಧನ ಮಾತ್ರ ಜಾಸ್ತಿ.

ಕೆಳಗಿನ ಆಕಾಶದಲ್ಲಿ ವೇಗಕ್ಕೂ ಮಿತಿಯಿದೆ. 1960ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ, ನೆಲದ ಮೇಲಿದ್ದವರೂ ಸೇರಿ 134 ಜನ ಸತ್ತರು. ಆಮೇಲೆ ಅಮೆರಿಕದಲ್ಲಿ ನಿಲ್ದಾಣಗಳ ಸುತ್ತ ವೇಗಕ್ಕೆ ಕಡಿವಾಣ ಬಿತ್ತು. ಇಂದು 10,000 ಅಡಿಯ ಕೆಳಗೆ 250 ನಾಟ್ (ಗಂಟೆಗೆ 250 ನಾಟಿಕಲ್ ಮೈಲಿ, ಅಂದರೆ ಸುಮಾರು 463 ಕಿ.ಮೀ.) ದಾಟಬಾರದು ಅನ್ನುವ ನಿಯಮ ಹಲವು ದೇಶಗಳಲ್ಲಿದೆ. 1973ರ ತೈಲ ಬಿಕ್ಕಟ್ಟು ಬಂದಾಗ ಇಂಧನ ಉಳಿಸಲು ಮೇಲಿನ ಆಕಾಶದಲ್ಲೂ ನಿಧಾನವಾಗಿ ಹಾರುವುದನ್ನು ಕಂಪನಿಗಳು ಕಲಿತವು.

ಆದರೆ ಟಿಕೆಟ್‌ನ ಸಮಯ ಹಿಗ್ಗಲು ದೊಡ್ಡ ಕಾರಣ ಆಕಾಶದಲ್ಲಿಲ್ಲ. ಆ ಸಮಯಕ್ಕೆ ಬ್ಲಾಕ್ ಟೈಮ್ ಅಂತ ಹೆಸರು. ಚಕ್ರಕ್ಕೆ ಕೊಟ್ಟ ಅಡೆ ತೆಗೆದು ವಿಮಾನ ಕದಲಿದ ಗಳಿಗೆಯಿಂದ, ಆ ಕಡೆ ಮತ್ತೆ ಅಡೆ ಕೊಡುವವರೆಗೆ. ರನ್‌ವೇ ತನಕ ಉರುಳುವುದು, ಸಾಲಿನಲ್ಲಿ ಕಾಯುವುದು ಎಲ್ಲ ಇದರೊಳಗೇ. 1987ರಲ್ಲಿ ಅಮೆರಿಕ ಸರ್ಕಾರ, ಯಾವ ವಿಮಾನ ಎಷ್ಟು ಸರಿಯಾಗಿ ತಲುಪಿತು ಎಂಬ ಲೆಕ್ಕ ಕೊಡಿ ಎಂದು ದೊಡ್ಡ ಕಂಪನಿಗಳಿಗೆ ಹೇಳಿತು. ಹೇಳಿದ ಸಮಯಕ್ಕಿಂತ 15 ನಿಮಿಷ ಅಥವಾ ಹೆಚ್ಚು ತಡವಾದರೆ ಅದು 'ತಡ'. ಕಂಪನಿಗಳು ವಿಮಾನದ ವೇಗ ಹೆಚ್ಚಿಸಲಿಲ್ಲ, ಹೇಳುವ ಸಮಯವನ್ನೇ ಹಿಗ್ಗಿಸಿದವು! ಪೂರ್ತಿ ಮೋಸ ಅನ್ನಲಾಗದು. ದಟ್ಟಣೆಯೂ ಬೆಳೆದಿತ್ತು, ಮುಂದಿನ ವಿಮಾನ ಹಿಡಿಯುವವರಿಗೆ ಇದರಿಂದ ಅನುಕೂಲವೂ ಇದೆ. ಆದರೆ 'ಹತ್ತು ನಿಮಿಷ ಮೊದಲೇ ತಲುಪಿದ್ದೇವೆ' ಎಂದು ಘೋಷಣೆಯಾದಾಗ ಸುಮ್ನೆ ಖುಷಿಪಡಬೇಡಿ. ಆ ಹತ್ತು ನಿಮಿಷ ಮೊದಲೇ ಸೇರಿಸಿಟ್ಟದ್ದಿರಬಹುದು.

1935ರಲ್ಲಿ ಮೊದಲು ಹಾರಿದ ಡಿಸಿ-3 ವಿಮಾನ ಗಂಟೆಗೆ ಸುಮಾರು 330 ಕಿ.ಮೀ. ಹೋಗುತ್ತಿತ್ತು. ನಮ್ಮ 350 ಕಿ.ಮೀ.ಗೆ ಅದೇ ಭಾಗಾಕಾರ ಮಾಡಿದರೆ ಒಂದು ಗಂಟೆ ನಾಲ್ಕು ನಿಮಿಷ.